ಒಂದು ಘಳಿಗೆ

ಲಿಂಗರಾಜಪುರದ ಮೇಲುಸೇತುವೆ ಇಳಿದರೆ ಒಂದು ಬೇಕರಿ,
ಅದರ ತಲೆಯ ಮೇಲೆ
ಮನೆಗೆಲಸದವರ ಸಂಘದ ಕಚೇರಿ.
ಬನ್ನಿನ ವಾಸನೆ ನೆಲದಿಂದಲೇ ಏಳುತ್ತದೆ.
ಗುರುತಿನ ಚೀಟಿಯ ಅರ್ಜಿ ಈಗ ಫೋನಿನಲ್ಲಿ.
ಪಿಎಚ್‌ಪಿಯಲ್ಲಿ ಅದನ್ನು ಬರೆದವನು ಸ್ಟ್ಯಾನಿ,
ಬಿಟ್ಟುಹೋದವನೂ ಅವನೇ.
ರಿಪೇರಿಗೆ ನಾನು, ತಿಂಗಳಿಗೆರಡು ಶನಿವಾರ.

ಮೂರು ಫೈಲು.
ಮೊದಲನೆಯದು ಹೆಸರು ಕೇಳುತ್ತದೆ, ಹುಟ್ಟಿದ ವರ್ಷ.
ಎರಡನೆಯದು: ಫೋನ್ ನಂಬರು, ಎಷ್ಟು ಮನೆ, ಎಷ್ಟು ಸಂಬಳ, ವಾರದ ರಜೆ ಉಂಟೋ.
ಮೂರನೆಯದು ಏನೂ ಕೇಳುವುದಿಲ್ಲ,
ಕೈಗೆ ಬಂದದ್ದನ್ನು ಡೇಟಾಬೇಸಿಗೆ ಇಳಿಸಿ
ಧನ್ಯವಾದ ಎಂದು ಬಾಗಿಲು ಹಾಕಿಕೊಳ್ಳುತ್ತದೆ.

ಒಂದರ ಮುಖ ಒಂದು ಕಂಡವಲ್ಲ ಇವು.
ಪ್ರತಿ ಪುಟವೂ ಕರೆದಾಗ ಹುಟ್ಟಿ, ಉತ್ತರಿಸಿ, ಸತ್ತುಹೋಗುತ್ತದೆ.
ನಡುವೆ ಸೆಷನ್ ಎಂಬ ಗಂಟು,
ಸೆರಗಿನ ತುದಿಗೆ ಕಟ್ಟಿದ ಚಿಲ್ಲರೆಯ ಹಾಗೆ
ಹೆಸರನ್ನು ಅಲ್ಲಿಂದಿಲ್ಲಿಗೆ ಹೊತ್ತು ತರಬೇಕು.

ಇನ್ನೂರ ಹನ್ನೊಂದು ಅರ್ಜಿಗಳಲ್ಲಿ
ಮೂವತ್ತೆಂಟಕ್ಕೆ ಹೆಸರಿಲ್ಲ.
ಮನೆ ನಾಲ್ಕು, ಸಂಬಳ ಒಂಬತ್ತು ಸಾವಿರ, ರಜೆ ಇಲ್ಲ,
ಹೆಸರು ಖಾಲಿ.
ಅದೇ ನಂಬರಿನಿಂದ ಆರು ಸಲ, ಆರು ಸಲವೂ ಖಾಲಿ.

ಎರಡು ಶನಿವಾರ ಹುಡುಕಿದೆ.
ಸೆಮಿಕೋಲನ್ನು, ಆವರಣ, ಕಾಗುಣಿತ,
ಸೆಷನ್ ಶುರುವಾಗುವ ಸಾಲಿಗಿಂತ ಮೊದಲು
ಕಣ್ಣಿಗೆ ಬೀಳದ ಒಂದು ಖಾಲಿ ಜಾಗ ಕೂತಿದೆಯೇ ಎಂದೂ.
ನನ್ನ ಮೇಜಿನಲ್ಲಿ ಎಲ್ಲವೂ ಸರಿ:
ನಲವತ್ತು ಸೆಕೆಂಡಿನಲ್ಲಿ ಮೂರು ಪುಟ ದಾಟಿ
ನನ್ನ ಹೆಸರು ಕ್ಷೇಮವಾಗಿ ದಡ ಸೇರುತ್ತದೆ.

ಫಿಲೋಮಿನಾ ಆ ನಂಬರಿಗೆ ಫೋನು ಮಾಡಿ ಕರೆಸಿದರು.
ಪಿಳ್ಳಮ್ಮ ಬಂದರು, ಕೈಯಿನ್ನೂ ಒದ್ದೆ.
“ತಪ್ಪೇನಾದ್ರೂ ಒತ್ಬಿಟ್ನಾ?” ಎಂದರು ಮೊದಲಿಗೇ.
ಹೇಗೆ ತುಂಬಿದಿರಿ, ಹೇಳಿ.
“ಹತ್ತೋವಾಗ ಲಿಫ್ಟಲ್ಲಿ ಹೆಸ್ರು. ಅಷ್ಟ್ರಲ್ಲಿ ಏಳ್ನೇ ಮಹಡಿ ಬಂದ್ಬಿಡ್ತದೆ.
ಫೋನು ಫ್ರಿಜ್ಜಿನ ಮೇಲಿಟ್ಟು ಪಾತ್ರೆ ತೊಳ್ದು, ನೆಲ ಒರ್ಸಿ,
ಇಳಿಯೋವಾಗ ಮಿಕ್ಕಿದ್ದು.”

ಲಿಫ್ಟಿಗೂ ಲಿಫ್ಟಿಗೂ ನಡುವೆ ಐವತ್ತು ನಿಮಿಷ.
ಸರ್ವರಿನ ನೆನಪು ಸಾವಿರದ ನಾನೂರ ನಲವತ್ತು ಸೆಕೆಂಡು.
ಬೆರಳು ಮಡಚಿ ಎಣಿಸಿದೆ: ಇಪ್ಪತ್ತನಾಲ್ಕು ನಿಮಿಷ,
ಸರಿಯಾಗಿ ಒಂದು ಘಳಿಗೆ!
ಪಂಚಾಂಗದ ಅಳತೆ ಇಲ್ಲಿಗೆ ಹೇಗೆ ಬಂದು ಕೂತಿತೋ.
ಘಳಿಗೆ ಕಳೆಯಿತೆಂದರೆ ಯಂತ್ರ ಗಂಟು ಬಿಚ್ಚಿ ಕೊಡವುತ್ತದೆ.
ಸೋಪಿನ ಕೈ ಒರೆಸಿಕೊಂಡು ಬಂದವರನ್ನು
ಎರಡನೇ ಪುಟ ಒಳಗೇನೋ ಬಿಡುತ್ತದೆ,
ಯಾರೆಂದು ಕೇಳುವುದಿಲ್ಲ.
ಕೇಳಿದ್ದರೆ ಹೇಳಿಯಾದರೂ ಹೇಳುತ್ತಿದ್ದರು.
“ಆ ಮನೇಲೂ ಅಷ್ಟೇ ಬಿಡಮ್ಮ,” ನಕ್ಕರು,
“ಹನ್ನೊಂದು ವರ್ಷದಿಂದ ಆಂಟಿ.”

ಸಮಯ ಹೆಚ್ಚಿಸಬಹುದಿತ್ತು, ಒಂದು ಸಂಖ್ಯೆ ತಿದ್ದಿದರೆ ಮುಗಿಯಿತು.
ನಾಳೆ ಆ ಮನೆಗೆ ನೆಂಟರು ಬಂದರೆ?
ಎರಡು ಘಳಿಗೆ ಐದಾಗುತ್ತದೆ.
ಫೈಲು ತೆರೆದೆ. ಸ್ಟ್ಯಾನಿಯ ಟಿಪ್ಪಣಿಯೊಂದು ಅಲ್ಲೇ ಕಾಯುತ್ತಿತ್ತು:
ಇದು ಹೇಗೆ ನಡೀತಿದೆಯೋ ಗೊತ್ತಿಲ್ಲ, ಮುಟ್ಟಬೇಡಿ.
ಮುಟ್ಟಿದೆ.
ಹೆಸರು ಬಂದ ಕೂಡಲೇ ಬರೆದುಕೋ ಎಂದೆ ಮೊದಲ ಫೈಲಿಗೆ,
ಅರ್ಧ ಅರ್ಜಿಗೂ ಒಂದು ಸಾಲು ಕೊಡು, ಒಂದು ನಂಬರು ಕೊಡು,
ಉಳಿದರ್ಧ ಸಂಜೆ ಬರಲಿ, ನಾಡಿದ್ದು ಬರಲಿ.
ಎರಡನೆಯದಕ್ಕೆ: ಹೆಸರು ಕಾಣದಿದ್ದರೆ ಕೇಳು,
ಮರ್ಯಾದೆಯಿಂದ ಕೇಳು.

ಮುಂದಿನ ಸಲ ಹೋದಾಗ ನೋಡಿದೆ, ಇನ್ನೂರ ಹನ್ನೆರಡನೇ ಸಾಲು.
ಏಳು ಹತ್ತಕ್ಕೆ ಹೆಸರು, ಎಂಟು ಎರಡಕ್ಕೆ ಮಿಕ್ಕಿದ್ದು.
ಪಿಳ್ಳಮ್ಮ.
ಕೊನೆಗೆ, ಇತರೆ ವಿವರ ಎಂಬ ಚೌಕದಲ್ಲಿ,
ಇನ್ನೊಮ್ಮೆ, ಪಿಳ್ಳಮ್ಮ.
ನಂಬಿಕೆ ಬಂದಿಲ್ಲ ಇನ್ನೂ.
ಹೆಚ್ಚಿನದನ್ನು ನಾನು ಅಳಿಸಲಿಲ್ಲ.