ಕೈ ಕೆಳಗೆ ಬಿಡಿ, ಅಜ್ಜಿ

ತೋಡೂರಿನ ಪುನರ್ವಸತಿ ಕಾಲೊನಿ, ಮೂರನೇ ಅಡ್ಡರಸ್ತೆ.
ಪ್ಲಾಸ್ಟಿಕ್ ಚಪ್ಪರದ ಕೆಂಪು ಎಲ್ಲರ ಮುಖಕ್ಕೂ ಬಡಿದು
ಮದುಮಗಳು ಟೊಮೆಟೊ, ಭಟ್ಟರೂ ಟೊಮೆಟೊ.
ಆಲ್ಬಮ್ಮಿನಲ್ಲಿ ಸರಿ ಮಾಡಿ ಕೊಡ್ತೇನೆ ಎಂದಿದ್ದೇನೆ.
ಮಾತು ಕೊಡುವುದೇ ಈ ಕಸುಬಿನ ಅರ್ಧ.

ಅರಿಶಿನ ಮುಗಿದಿದೆ. ಚಾ ಎರಡು ಸಲ ಮುಗಿದಿದೆ.
ದಿಬ್ಬಣ ಬೇಲೇಕೇರಿಯಿಂದ ಹೊರಟಿದೆ, ಬಂದಿಲ್ಲ;
ಹೆದ್ದಾರಿಗೆ ಲಾರಿಯೊಂದು ಅಡ್ಡ ಮಲಗಿದೆಯಂತೆ.
ನನ್ನ ಹುಡುಗ ಫೆಲಿಕ್ಸ್ ಡ್ರೋನ್ ಬಿಚ್ಚಲು ಹೋಗಿ ಬೈಸಿಕೊಂಡ:
ಪಕ್ಕದಲ್ಲೇ ನೇವಿ, ಇಲ್ಲಿ ಏನೂ ಹಾರಕೂಡದು.
‘ಮತ್ತೆ ಆ ಕಾಗೆ?’
‘ಕಾಗೆಗೆ ಪಾಸು ಉಂಟು’ ಅಂದರು ಯಾರೋ ಚಪ್ಪರದ ಹಿಂದಿನಿಂದ.

ಖಾಲಿ ಹೊತ್ತು. ಗ್ರೂಪ್ ಫೋಟೋ ಮುಗಿಸೋಣವೆಂದೆ.
ಮಾವಂದಿರು ಬಂದರು, ಹೊಟ್ಟೆ ಒಳಗೆಳೆದುಕೊಂಡು.
ಅತ್ತೆಯರು ಬಂದರು, ಅಬ್ಬಲಿಗೆ ದಂಡೆ ಕಾಣಲೆಂದು ಕತ್ತು ಓರೆ ಮಾಡಿ.
ಕೊನೆಗೆ ಮದುಮಗಳ ಅಜ್ಜಿ, ಬುದವಂತಿ.
ಬಾಗಿಲಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು,
ಎರಡೂ ಕೈ ಎದೆಯ ಮಟ್ಟಕ್ಕೆತ್ತಿ,
ಇಲ್ಲದ ಏನನ್ನೋ
ಎರಡು ಅಂಚಿನಲ್ಲಿ ಹಿಡಿದಂತೆ ಹಿಡಿದು.

‘ಕೈ ಕೆಳಗೆ ಬಿಡಿ, ಅಜ್ಜಿ.’
ಬಿಟ್ಟಳು. ನಾನು ಕಿಂಡಿಗೆ ಕಣ್ಣೊತ್ತುವಷ್ಟರಲ್ಲಿ
ಮತ್ತೆ ಮೇಲೆ ಬಂದವು, ತಾವಾಗಿಯೇ.
ಮಕ್ಕಳು ನಕ್ಕರು. ಆರತಿ ತಟ್ಟೆಯನ್ನಾದರೂ ಕೊಡಿ ಅವಳಿಗೆ, ಅಂದಳೊಬ್ಬಳು.

ನಾನು ನಗಲಿಲ್ಲ. ಆ ಕೈ ನನಗೆ ಗೊತ್ತು.

ನಮ್ಮ ಸ್ಟುಡಿಯೋದ ಅಟ್ಟದಲ್ಲಿ, ಬಿಸ್ಕೀಟು ಡಬ್ಬಿಗಳಲ್ಲಿ
ಅಪ್ಪನ ನೆಗೆಟಿವ್‌ಗಳಿವೆ. ಸರಕಾರದ ಕೆಲಸ,
ಮನೆಗಿಷ್ಟು ಎಂದು ಗುತ್ತಿಗೆ.
ಒಂದು ಮನೆ, ಅದರ ಮುಂದೆ ಯಜಮಾನ,
ಅವನು ದೋಣಿಗೆ ಹೋಗಿದ್ದರೆ ಹೆಂಡತಿ,
ಕೈಯಲ್ಲಿ ಸ್ಲೇಟು, ಸ್ಲೇಟಿನ ಮೇಲೆ ನಂಬರು.
ಒಂಬತ್ತು ವರ್ಷದ ನಾನು ಒದ್ದೆ ಬಟ್ಟೆ ಹಿಡಿದು ಹಿಂದೆ ಹಿಂದೆ.
ಇನ್ನೂರ ಹದಿನಾಲ್ಕನ್ನು ಒರೆಸಿದರೆ ಇನ್ನೂರ ಹದಿನೈದು.
ಒಂದು ಮನೆಯಲ್ಲಿ ಎಳನೀರು ಕೊಟ್ಟರು.
ಇನ್ನೊಂದು ಮನೆಯ ನಾಯಿ, ಎಷ್ಟು ಓಡಿಸಿದರೂ
ಬಂದು ಚೌಕಟ್ಟಿನೊಳಗೇ ಕೂತಿತು. ಕರಿನಾಯಿ;
ನೆಗೆಟಿವ್‌ನಲ್ಲಿ ಈಗಲೂ ಬೆಳ್ಳಗಿದೆ.
ಅಪ್ಪ ಎಲ್ಲರಿಗೂ ಹೇಳುತ್ತಿದ್ದುದು ಒಂದೇ ಮಾತು:
‘ಮೇಲೆ ಹಿಡೀರಿ, ನಂಬರು ಕಾಣಬೇಕು.
ಮುಖ ಆಮೇಲೆ.’

‘ಮೊದಲು ಯಾವಾಗಾದರೂ ಫೋಟೋ ತೆಗೆಸಿದ್ದಿರಾ?’ ಕೇಳಿದೆ,
ಉತ್ತರ ಗೊತ್ತಿದ್ದೂ.
‘ಒಂದು ಸಲ. ಅದಕ್ಕೆ ದುಡ್ಡು ಬಂತು.
ಕಡಿಮೆ ಬಂತು.’
ಆಮೇಲೆ ತುಸು ಮುಂದೆ ಬಾಗಿ, ಗುಟ್ಟು ಕೇಳುವವಳ ಹಾಗೆ:
‘ಇದಕ್ಕೆ ನಂಬರು ಎಷ್ಟು?’
ನಂಬರಿಲ್ಲ ಅಂದೆ.
‘ಹಂಗಾದ್ರೆ ನಾನೇ ಅಂತ ಗೊತ್ತಾಗೂದು ಹ್ಯಾಂಗೆ?’

ಅಷ್ಟರಲ್ಲಿ ಬ್ಯಾಂಡು. ದಿಬ್ಬಣ ಬಂತು, ಎಲ್ಲರೂ ಓಡಿದರು,
ನಾನೂ ಓಡಿದೆ; ಓಡದಿದ್ದರೆ ದುಡ್ಡು ಕೊಡುವುದಿಲ್ಲ.
ಬಟ್ಟೆಯ ಗುರುತನ್ನು ಹೇಳಲಿಲ್ಲ ಅವಳಿಗೆ.
ಹೇಳಿ ಏನು, ಮದುವೆ ಮನೆಯಲ್ಲಿ.

ರಾತ್ರಿ ಎರಡಕ್ಕೆ, ಎರಡು ಸಾವಿರದ ಚಿಲ್ಲರೆ ಚಿತ್ರಗಳನ್ನು
ಆರಿಸುತ್ತ ಕೂತಾಗ ಒಂದು ಸಿಕ್ಕಿತು.
ತಾಳಿ ಕಟ್ಟುವ ಗಳಿಗೆ. ಮದುಮಗನ ಬಾಸಿಂಗ ಅರ್ಧಕ್ಕೆ ಕತ್ತರಿಸಿದೆ,
ಮದುಮಗಳ ಕಣ್ಣು ಮುಚ್ಚಿದೆ, ಯಾರದೋ ಮೊಣಕೈ.
ಹಿಂದೆ, ಮಸುಕಿನಲ್ಲಿ, ಬುದವಂತಿ
ಅಕ್ಷತೆ ಎಸೆದಾಗಿದೆ; ಕಾಳು ಗಾಳಿಯಲ್ಲಿವೆ,
ಕೈಗಳು ಪೂರಾ ತೆರೆದಿವೆ, ಎಲ್ಲಿಡಬೇಕೆಂದು ಮರೆತು.

ಆಲ್ಬಮ್ಮಿಗೆ ಬರುವಂಥದ್ದಲ್ಲ.
ಕ್ಯಾಮೆರಾ ಅದಕ್ಕೂ ತಾನಾಗಿ ಒಂದು ನಂಬರು ಕೊಟ್ಟಿತ್ತು.
ಒರೆಸಿದೆ.
ಆ ಕೆಲಸ ನನಗೆ ಚಿಕ್ಕಂದಿನಿಂದ ಬರುತ್ತದೆ.