ಸಿಗ್ನಲ್ ಇಲ್ಲ

ಕಿಟಕಿಗೆ ಗೋಣಿಚೀಲ, ಬಾಗಿಲಿಗೆ ಜಮಖಾನ.
ಕಪ್ಪತಗುಡ್ಡ ಇಳಿದು ಬಂದ ಗಾಳಿ
ಒಂದೊಂದೇ ಮೊಳೆ ಎಳೆದು ನೋಡುತ್ತಿತ್ತು.
ಒಂಬತ್ತನೇ ಬಿ, ನಲವತ್ತೊಂದು ಮಕ್ಕಳು, ಕತ್ತಲೆ.
ಕತ್ತಲೆ ಅಂದರೆ
ಮುಂಡರಗಿಯ ಮಧ್ಯಾಹ್ನ ಬಿಟ್ಟುಕೊಟ್ಟಷ್ಟು.

ಗೋಡೆಯ ಮೇಲೆ ನೀಲಿ. ಬರೀ ನೀಲಿ.
ನಡುವೆ ಎರಡೇ ಪದ: ಸಿಗ್ನಲ್ ಇಲ್ಲ.

ನನ್ನ ಲ್ಯಾಪ್‌ಟಾಪಿನದು ಚಪ್ಪಟೆ ಬಾಯಿ,
ಯಾರೋ ದಾನ ಕೊಟ್ಟ ಪ್ರೊಜೆಕ್ಟರಿನದು
ಹದಿನೈದು ಹಲ್ಲಿನ ಹಳೇ ಕೇಬಲ್ಲು.
ಮಾತು ಬಿಟ್ಟ ಬೀಗರ ಹಾಗೆ
ಎದುರೆದುರು ಕೂತಿದ್ದವು.
‘ನಡುವಿನಾಂವ ಒಬ್ಬ ಬೇಕ್ರಿ ಮೇಡಂ’ ಅಂದು
ಜವಾನ ಗುಡದಪ್ಪ ಕನ್ವರ್ಟರ್ ತರಲು
ಬಸ್‌ಸ್ಟ್ಯಾಂಡಿನ ಕಡೆ ಸೈಕಲ್ ತುಳಿದ.

ಆ ಅರ್ಧ ತಾಸು ಪಾಠ ಇರಲಿಲ್ಲ.
ಮಾಬೂಸಾಬ ಎದ್ದು ಬೆಳಕಿಗೆ ಕೈ ಒಡ್ಡಿದ,
ನೀಲಿಯೊಳಗೆ ನಾಯಿಯೊಂದು ಬಾಯಿ ತೆರೆಯಿತು.
ಆಮೇಲೆ ಹದ್ದು, ಆಮೇಲೆ ಎಮ್ಮೆಕೋಡು,
ಯಾರದೋ ಮೂಗು (ಯಾವ ಮಾಸ್ತರರದೆಂದು ನಾನು ಕೇಳಲಿಲ್ಲ),
ಗುಡ್ಡದ ಮೇಲಿನ ಗಾಳಿಪಂಖ: ಮೂವರು ಹುಡುಗರ ಮೂರು ತೋಳು,
ತಿರುಗುವಾಗ ಒಬ್ಬನ ಅಂಗಿ ಚರ್ರೆಂದಿತು.
ವರ್ಷವಿಡೀ ತುಟಿ ಬಿಚ್ಚದ ಫಕೀರವ್ವ
ಐದು ಬೆರಳಿಳಿಸಿ, ಐದೇ ಕಾಲಿನ ಇರುವೆಯೊಂದನ್ನು
ಗೋಡೆಯ ಈ ತುದಿಯಿಂದ ಆ ತುದಿಗೆ
ನಡೆಸಿದಳು, ಸಾವಕಾಶ.
ಎತ್ತಿನಷ್ಟು ದೊಡ್ಡ ಇರುವೆ.
ನಲವತ್ತು ಮಂದಿ ಉಸಿರು ಹಿಡಿದಿದ್ದರು.

ಕನ್ವರ್ಟರ್ ಬಂತು. ಮುನ್ನೂರೈವತ್ತು, ರಸೀದಿ ಇಲ್ಲ.
ಚುಚ್ಚಿದೆ. ಎರಡು ಗುಂಡಿ ಒಟ್ಟಿಗೆ ಒತ್ತಿದೆ.
ನೀಲಿ ಒಮ್ಮೆ ಕಣ್ಣು ಮುಚ್ಚಿ ತೆರೆದು
ನನ್ನ ಪರದೆಯನ್ನು ಇದ್ದಂತೆಯೇ ಗೋಡೆಗೆ ಹತ್ತಿಸಿತು:
ಕಣ್ಣಿನ ರಚನೆ, ಮಗಳ ಲಸಿಕೆ ಚೀಟಿ,
ಅವುಗಳ ಮೇಲೆ, ರೊಟ್ಟಿಹಂಚಿನಷ್ಟು ಅಗಲದ ಅಕ್ಷರಗಳಲ್ಲಿ
ರಾತ್ರಿ ಮುಚ್ಚಲು ಮರೆತ ಅರ್ಜಿ.

ಕಾಗುಣಿತಕ್ಕೆ ಇನ್ನೂ ತಡವರಿಸುವ ಕೊಟ್ರೇಶಿ
ಅವತ್ತು ಒಂದು ಒತ್ತಕ್ಷರವನ್ನೂ ತಪ್ಪಲಿಲ್ಲ.
‘ವ, ರ್ಗಾ, ವ, ಣೆ.’
ಆಮೇಲೆ, ನನ್ನ ಕಡೆ ತಿರುಗಿ,
‘ಧಾರವಾಡಕ್ಕ ಹೊಂಟೀರೇನ್ರಿ?’

ಪಾಠ ತೆರೆದೆ.
ಅಕ್ಷಿಪಟದ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ, ಅಂದೆ.
ನೆಟ್ಟಗೆ ಮಾಡಿಕೊಳ್ಳುವುದು ಮಿದುಳಿನ ಕೆಲಸ, ಅಂದೆ.
ಯಾರೂ ಬರೆದುಕೊಳ್ಳಲಿಲ್ಲ.
ಪ್ರೊಜೆಕ್ಟರಿನ ಫ್ಯಾನು ಗುಂಯ್‌ಗುಡುತ್ತಿತ್ತು.

ಆಗ ಗೋಡೆಯ ಮೂಲೆಯಿಂದ,
ರೆಪ್ಪೆ ದಾಟಿ, ಬಿಳಿಗುಡ್ಡೆ ದಾಟಿ,
ಐದು ಕಾಲಿನ ಇರುವೆ ಹೊರಟಿತು.
ಕೈ ತೆಗಿ ಅನ್ನಬೇಕಿತ್ತು.
ಪಾಪೆಯ ನಟ್ಟನಡುವೆ ಬಂದು
ಅದು ನಿಂತಿತು.