ಬ್ಲಾಕ್ ನಂಬರು ೩೧೭

ಟಮಕದ ನಮ್ಮ ಲ್ಯಾಬಿನಲ್ಲಿ ಕುಕ್ಕರ್ ಕೂಗಿದರೆ
ಯಾರೂ ತಟ್ಟೆ ಇಡುವುದಿಲ್ಲ.
ಒಳಗೆ ಬೇಯುವುದು ಗಾಜು,
ಗಾಜಿಗಂಟಿದ ನಾಲ್ಕು ಮೈಕ್ರಾನಿನ ಮನುಷ್ಯರು.

ಪಿಜಿ ಓದುವ ಸುಮೈಯಾಗೆ ಬೇಕಾದದ್ದು ಲಿವರು.
ಗಟ್ಟಿಯಾಗುತ್ತ ಹೋದ ಅರವತ್ತು ಲಿವರುಗಳಲ್ಲಿ
ಸುಮ್ಮನಿದ್ದ ಕೋಶ ಎದ್ದು
ಸ್ನಾಯುವಿನ ವೇಷ ತೊಟ್ಟು ಹಿಂಡತೊಡಗಿದ್ದು
ಎಲ್ಲಿ, ಎಷ್ಟು,
ಎಣಿಸಿ ಬರೆಯಬೇಕು.
ಆಕ್ಟಿನ್ ಇದ್ದಲ್ಲಿ ಕಂದು, ಇಲ್ಲದಲ್ಲಿ ನೀಲಿ.

ಹತ್ತು ಹತ್ತು ಲಿವರಿನ ಜೊತೆ ಪ್ರತಿ ಸಲವೂ
ಇವನು ಹೋಗುತ್ತಾನೆ, ಸಾಕ್ಷಿ ಹೇಳಲು:
ಮುನ್ನೂರ ಹದಿನೇಳು. ಅಪೆಂಡಿಕ್ಸ್.
ಗಂಡು, ಹತ್ತೊಂಬತ್ತು, ನಂಗಲಿ.
ರಿಜಿಸ್ಟರಿನಲ್ಲಿ ಹೆಸರಿದ್ದ ಕಡೆ
ಯಾರದೋ ಟೀ ಲೋಟ ಕೂತು ಎದ್ದ ಗುರುತು.
ಹೊಟ್ಟೆನೋವೆಂದು ಕೊಯ್ದರಂತೆ. ನೋವು ಬೇರೆಲ್ಲೋ ಇತ್ತು;
ಇದಕ್ಕೇನೂ ಆಗಿರಲಿಲ್ಲ.
ಏನೂ ಆಗಿರದಿದ್ದಕ್ಕೇ ನಮಗೆ ಬೇಕಾಯಿತು.

ಕಂದು ಹನಿ ಬಿದ್ದ ಮೇಲೆ ನಾನು ತೆಲುಗಿನಲ್ಲಿ ಎಣಿಸುತ್ತೇನೆ,
ಮಂಡಿಯಲ್ಲಿ ನಮ್ಮಮ್ಮ ಮಾವಿನಕಾಯಿ ಎಣಿಸುತ್ತಿದ್ದ ಹಾಗೆ,
ಒಕಟಿ, ರೆಂಡು.
ಅರವೈ ಮುಟ್ಟುವ ಮೊದಲೇ ಅವನು ಬರುತ್ತಾನೆ
ಹುರಿದ ರಾಗಿಯ ಬಣ್ಣದಲ್ಲಿ,
ಒಂದು ಪದರ ಸುತ್ತಾಗಿ, ಒಂದು ಉದ್ದಕ್ಕೆ.
ಬರದಿದ್ದ ದಿನ, ಕರೆಂಟು ಹೋಗಿ ಫ್ರಿಜ್ಜು ಬೆವೆತ
ಆ ಮೇ ತಿಂಗಳ ದಿನ,
ಹತ್ತೂ ಸ್ಲೈಡು ಸುಳ್ಳೆಂದು ಬಿಸಾಡಿದೆವು.

ಮೊನ್ನೆ ಮೈಕ್ರೋಟೋಮಿನ ಹಿಡಿ ತಿರುಗಿಸಿದೆ;
ಅಲಗಿನಿಂದ ಇಳಿದ ರಿಬ್ಬನ್ನಿನಲ್ಲಿ ಬರೀ ಮೇಣ.
ಹನ್ನೊಂದು ವರ್ಷ.
'ಗರ್ಭಕೋಶ ಇದೆಯಲ್ಲ ಅಕ್ಕ, ದೊಡ್ಡ ಬ್ಲಾಕು,' ಅಂದಳು ಸುಮೈಯಾ,
'ಎಂಟುನೂರ ಎಂಬತ್ತೆರಡು, ಬಂಗಾರಪೇಟೆ.
ನೀವು ರಿಟೈರ್ ಆಗೋವರೆಗೂ ಬರುತ್ತೆ.'
ಬರುತ್ತೆ. ಖಾಲಿ ಕ್ಯಾಸೆಟ್ಟನ್ನು
ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ,
ಯಾಕೆಂದು ಅವಳೂ ಕೇಳಲಿಲ್ಲ.

ಸಂಜೆ ಮುಳಬಾಗಿಲು ಬಸ್ಸಿನಲ್ಲಿ
ಖಾಲಿ ಟೊಮೆಟೊ ಕ್ರೇಟು ಮೇಲೆತ್ತಿದವನೊಬ್ಬನ ಅಂಗಿ ಸರಿಯಿತು.
ಬಲಗಡೆ, ಸೊಂಟದ ಹತ್ತಿರ, ಮಾಸಿದ ಹೊಲಿಗೆ.
ಮೂವತ್ತಿರಬಹುದು.
ಈ ಜಿಲ್ಲೆಯಲ್ಲಿ ಎಷ್ಟು ಜನಕ್ಕಿಲ್ಲ ಅಂಥ ಗುರುತು.
ಬೋಂಡ ತಿಂದು ಬಂದಿದ್ದ, ತುಟಿಯ ಮೇಲಿನ್ನೂ ಎಣ್ಣೆ;
ಅವನು ಹೇಳದೆಯೇ ಒಳಗೆ ಕರುಳು
ತನ್ನ ಪಾಡಿಗೆ ಅದನ್ನು ಮುಂದಕ್ಕೆ ತಳ್ಳುತ್ತಿತ್ತು.
ತಿರುಗಿ, 'ಏನಕ್ಕ?' ಅಂದ.
ಏನಿಲ್ಲಪ್ಪ, ಅಂದೆ.
ಸ್ವಲ್ಪ ಜರುಗಿ ಜಾಗ ಕೊಟ್ಟೆ.